ಹಾಡುಗಾರನಿಲ್ಲದ ಹಾಡು

ರಾಕ್ ಬ್ಯಾಂಡ್ ಅಂದ ಕೂಡಲೇ ಕಣ್ಣೆದುರು ಬರುವ ಚಿತ್ರದಲ್ಲಿ ಮೈಕಿನ ಮುಂದೆ ಒಬ್ಬ ಹಾಡುಗಾರ ಇದ್ದೇ ಇರುತ್ತಾನೆ. ಉದ್ದ ಕೂದಲು, ಗುಂಡಿ ಬಿಚ್ಚಿದ ಅಂಗಿ, ಕತ್ತಿನ ನರ ಉಬ್ಬುವ ಕೂಗು. ಗಿಟಾರಿನವನ ಜಾಗ ಅವನ ಪಕ್ಕ, ಒಂದು ಹೆಜ್ಜೆ ಹಿಂದೆ. ಎರಡು ಚರಣ ಮುಗಿದು ಹಾಡುಗಾರ ಉಸಿರು ತಗೊಳ್ಳೋ ಹೊತ್ತಿಗೆ ಗಿಟಾರಿನವನಿಗೆ ಅರ್ಧ ನಿಮಿಷ ಸಿಗುತ್ತೆ. ಅದಕ್ಕೆ ಸೋಲೋ ಅಂತ ಹೆಸರು. ಅದು ಮುಗಿದ ಮೇಲೆ ಮತ್ತೆ ಪಲ್ಲವಿ, ಮತ್ತೆ ಅವನು ಹಿಂದಕ್ಕೆ.

1975ರ ಮಾರ್ಚ್ ತಿಂಗಳಲ್ಲಿ ಎಪಿಕ್ ಕಂಪನಿ ಒಂದು ಎಲ್‌ಪಿ ರೆಕಾರ್ಡ್ ಬಿಡುಗಡೆ ಮಾಡಿತು. ಹೆಸರು ‘ಬ್ಲೋ ಬೈ ಬ್ಲೋ’. ಮಾಡಿದವನು ಇಂಗ್ಲೆಂಡಿನ ಗಿಟಾರಿಸ್ಟ್ ಜೆಫ್ ಬೆಕ್. ಒಂಬತ್ತು ಟ್ರ್ಯಾಕ್, ಸುಮಾರು ಮುಕ್ಕಾಲು ಗಂಟೆ. ಇಡೀ ರೆಕಾರ್ಡಿನಲ್ಲಿ ಮೈಕಿನ ಮುಂದೆ ನಿಲ್ಲೋ ಆ ಮನುಷ್ಯನೇ ಇಲ್ಲ. ಸಿಕ್ಕ ಅರ್ಧ ನಿಮಿಷದವನೇ ಮುಕ್ಕಾಲು ಗಂಟೆಯನ್ನೂ ತಗೊಂಡುಬಿಟ್ಟಿದ್ದಾನೆ. ಇಂಥದ್ದನ್ನು ಯಾರು ಕೊಳ್ತಾರೆ ಅಂತ ಯಾರಾದರೂ ಕೇಳಬಹುದಿತ್ತು. ಜನ ಕೊಂಡರು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು 4ನೇ ಸ್ಥಾನಕ್ಕೆ ಏರಿತು, ಮುಂದೆ ಪ್ಲಾಟಿನಂ ಆಯಿತು.

ಇದನ್ನು ಗಿಟಾರ್ ಕಸರತ್ತಿನ ರೆಕಾರ್ಡು ಅಂತ ಪಕ್ಕಕ್ಕಿಡುವವರು ಇದ್ದಾರೆ. ನಾನು ಇದರ ಚರಿತ್ರೆಯನ್ನು ಬೇರೆ ಥರ ಓದ್ತೀನಿ. ಹತ್ತು ವರ್ಷಗಳಲ್ಲಿ ಒಬ್ಬೊಬ್ಬರಾಗಿ ಹಾಡುಗಾರರನ್ನು ಕಳಕೊಳ್ಳುತ್ತಾ ಬಂದವನೊಬ್ಬ, ಕೊನೆಗೆ ಹಾಡುಗಾರನ ಕೆಲಸವನ್ನೇ ತನ್ನ ಬೆರಳಿಗೆ ಕಲಿಸಿದ ಕಥೆ ಇದು. ಅದರಲ್ಲಿ ನಮ್ಮ ಕಡೆಯ ಸಂಗೀತದ ಒಂದು ಎಳೆಯೂ ಬಂದು ಸೇರುತ್ತೆ.

ಮೊದಲು ಹಿನ್ನೆಲೆ ನೋಡೋಣ. ಮಾತಿಲ್ಲದ ರಾಕ್ ಅನ್ನೋದು ಬೆಕ್ ಕಂಡುಹಿಡಿದದ್ದೇನೂ ಅಲ್ಲ. 1958ರಲ್ಲೇ ಅಮೆರಿಕದ ಲಿಂಕ್ ರೇ ‘ರಂಬಲ್’ ಅನ್ನೋ ಗಿಟಾರ್ ತುಣುಕು ನುಡಿಸಿದ್ದ. ಒಂದೂ ಪದ ಇಲ್ಲದ ಆ ತುಣುಕನ್ನು ಕೆಲವು ರೇಡಿಯೋ ಸ್ಟೇಷನ್‌ಗಳು ಹಾಕೋದಿಲ್ಲ ಅಂದವು. ಹುಡುಗರು ಗುಂಪು ಕಟ್ಟಿಕೊಂಡು ಹೊಡೆದಾಡೋಕೆ ಇದು ಕುಮ್ಮಕ್ಕು ಕೊಡುತ್ತೆ ಅನ್ನೋ ಹೆದರಿಕೆ! 1960ರಲ್ಲಿ ಅಮೆರಿಕದ ವೆಂಚರ್ಸ್ ತಂಡದ ‘ವಾಕ್, ಡೋಂಟ್ ರನ್’ ಬಂತು, ಇಂಗ್ಲೆಂಡಿನ ಶ್ಯಾಡೋಸ್ ತಂಡದ ‘ಅಪಾಚಿ’ ಬಂತು. ಗಿಟಾರ್ ಕೊಂಡುಕೊಂಡ ಪ್ರತಿ ಹುಡುಗನೂ ಇವನ್ನು ಕಲೀತಿದ್ದ. ಆದರೆ ಇವೆಲ್ಲ ಎರಡೆರಡು ನಿಮಿಷದ ಸಿಂಗಲ್‌ಗಳು. ಆಮೇಲೆ ಬೀಟಲ್ಸ್ ಬಂದರು. ಹಾಡೋದು, ಹಾಡು ಬರೆಯೋದು, ನುಡಿಸೋದು ಎಲ್ಲ ಒಂದೇ ತಂಡದ ಕೆಲಸ ಅಂತಾಯ್ತು. ಮಾತಿಲ್ಲದ ತುಣುಕುಗಳು ಹಳೇ ಫ್ಯಾಷನ್ ಆಗಿ ಮೂಲೆ ಸೇರಿದವು.

ಬೆಕ್ ಹುಟ್ಟಿದ್ದು 1944ರಲ್ಲಿ, ಲಂಡನ್ನಿನ ದಕ್ಷಿಣಕ್ಕಿರೋ ವಾಲಿಂಗ್ಟನ್‌ನಲ್ಲಿ. ಚಿಕ್ಕಂದಿನಲ್ಲಿ ಚರ್ಚಿನ ಗಾಯನವೃಂದದಲ್ಲಿ ಹಾಡ್ತಿದ್ದ ಹುಡುಗ. 1965ರಲ್ಲಿ ಯಾರ್ಡ್‌ಬರ್ಡ್ಸ್ ತಂಡದಿಂದ ಎರಿಕ್ ಕ್ಲಾಪ್ಟನ್ ಹೊರಗೆ ಹೋದಾಗ ಆ ಜಾಗಕ್ಕೆ ಬಂದ. ಬಂದ ಕೆಲವೇ ವಾರಗಳಲ್ಲಿ ಒಂದು ವಿಚಿತ್ರ ಸಮಸ್ಯೆ ಎದುರಾಯ್ತು. ‘ಹಾರ್ಟ್ ಫುಲ್ ಆಫ್ ಸೋಲ್’ ಅನ್ನೋ ಹಾಡಿಗೆ ಶುರುವಿನಲ್ಲಿ ಒಂದು ಪುಟ್ಟ ಸ್ವರಮಾಲೆ ಬೇಕಿತ್ತು. ಅದಕ್ಕೆ ಸಿತಾರ್ ಹಾಕೋಣ ಅಂತ ನಿರ್ಧಾರ ಆಗಿ, ಭಾರತೀಯ ವಾದಕರನ್ನು ಸ್ಟುಡಿಯೋಗೆ ಕರೆಸಿದರು. ಸಿತಾರಿನಲ್ಲಿ ರೆಕಾರ್ಡೂ ಆಯಿತು. ಆದರೆ ಡ್ರಮ್ಸ್, ಬಾಸ್ ಗಿಟಾರುಗಳ ಗದ್ದಲದ ನಡುವೆ ಸಿತಾರಿನ ನಾದ ಅಂದುಕೊಂಡಷ್ಟು ಗಟ್ಟಿಯಾಗಿ ಕೇಳಲಿಲ್ಲ. ಆಗ ಬೆಕ್ ಅದೇ ಸ್ವರಗಳನ್ನು ಎಲೆಕ್ಟ್ರಿಕ್ ಗಿಟಾರಿನಲ್ಲಿ, ಸದ್ದನ್ನು ಒರಟು ಮಾಡೋ ಫಜ್ ಪೆಡಲ್ ಸೇರಿಸಿ, ತಂತಿ ಎಳೆದು ನುಡಿಸಿದ. ಅದೇ ಬಿಡುಗಡೆ ಆಯಿತು, ಇಂಗ್ಲೆಂಡಿನಲ್ಲಿ 2ನೇ ಸ್ಥಾನಕ್ಕೆ ಹೋಯಿತು. ಬೀಟಲ್ಸ್ ತಮ್ಮ ರೆಕಾರ್ಡಿನಲ್ಲಿ ಸಿತಾರ್ ಬಳಸೋದಕ್ಕೆ ಇನ್ನೂ ಕೆಲವು ತಿಂಗಳು ಬಾಕಿ ಇತ್ತು.

ಈ ಘಟನೆಯಲ್ಲಿ ಬೆಕ್‌ನ ಮುಂದಿನ ಇಡೀ ದಾರಿಯ ಮ್ಯಾಪ್ ಇದೆ ಅಂತ ನನಗನ್ನಿಸುತ್ತೆ. ತನ್ನದಲ್ಲದ ದನಿಯನ್ನು ಕೇಳಿಸಿಕೊಂಡು, ಅದನ್ನು ತನ್ನ ಆರು ತಂತಿಗಳಿಂದ ತೆಗೆಯೋದು ಹೇಗೆ ಅಂತ ಹುಡುಕೋದು. ಮೊದಲು ಸಿತಾರು, ಆಮೇಲೆ ಮನುಷ್ಯರ ಗಂಟಲು.

ಅವನ ಸ್ವಂತ ಗಂಟಲಿನ ಕಥೆಯೂ ಇದೆ. 1967ರಲ್ಲಿ ಮಿಕ್ಕಿ ಮೋಸ್ಟ್ ಅನ್ನೋ ನಿರ್ಮಾಪಕ ಬೆಕ್ ಕೈಲಿ ‘ಹೈ ಹೋ ಸಿಲ್ವರ್ ಲೈನಿಂಗ್’ ಅಂತ ಒಂದು ಹಾಡು ಹಾಡಿಸಿದ. ಬ್ರಿಟನ್ನಿನಲ್ಲಿ 14ನೇ ಸ್ಥಾನಕ್ಕೆ ಬಂದ ಹಿಟ್ ಅದು. ಇವತ್ತಿಗೂ ಅಲ್ಲಿನ ಪಬ್ಬುಗಳಲ್ಲಿ, ಮದುವೆ ಪಾರ್ಟಿಗಳಲ್ಲಿ ಜನ ಒಟ್ಟಾಗಿ ಹಾಡ್ತಾರೆ. ಬೆಕ್‌ಗೆ ಮಾತ್ರ ಜೀವನಪೂರ್ತಿ ಆ ಹಾಡನ್ನು ಕಂಡರೆ ಆಗುತ್ತಿರಲಿಲ್ಲ. ತಮಾಷೆ ಏನು ಗೊತ್ತಾ? ಅದೇ ರೆಕಾರ್ಡನ್ನು ತಿರುಗಿಸಿ ಹಾಕಿದರೆ ಇನ್ನೊಂದು ಮಗ್ಗುಲಲ್ಲಿ ‘ಬೆಕ್ಸ್ ಬೊಲೆರೋ’ ಇತ್ತು. 1966ರ ಮೇ ತಿಂಗಳಲ್ಲೇ ಜಿಮ್ಮಿ ಪೇಜ್, ಕೀತ್ ಮೂನ್, ಜಾನ್ ಪಾಲ್ ಜೋನ್ಸ್, ನಿಕಿ ಹಾಪ್ಕಿನ್ಸ್ ಜೊತೆ ಸೇರಿ ರೆಕಾರ್ಡ್ ಮಾಡಿದ್ದ, ಮಾತೇ ಇಲ್ಲದ ತುಣುಕು. ಒಂದು ಮಗ್ಗುಲಲ್ಲಿ ಗಂಟಲು, ಇನ್ನೊಂದು ಮಗ್ಗುಲಲ್ಲಿ ಬೆರಳು. ಅಂಗಡಿಯವರು ಮಾರಿದ್ದು ಮೊದಲನೆಯದನ್ನು.

ಸರಿ, ನನ್ನ ಗಂಟಲು ಬೇಡ, ಬೇರೆಯವರದ್ದು ತರೋಣ ಅಂತ ಬೆಕ್ ತಂಡ ಕಟ್ಟಿದ. ಹಾಡೋಕೆ ರಾಡ್ ಸ್ಟುವರ್ಟ್, ಬಾಸ್ ನುಡಿಸೋಕೆ ರಾನ್ ವುಡ್. 1968ರ ‘ಟ್ರೂತ್’, 1969ರ ‘ಬೆಕ್-ಓಲಾ’ ಎರಡೂ ಒಳ್ಳೆ ಆಲ್ಬಮ್‌ಗಳೇ. ಆದರೆ ಆ ತಂಡ 1969ರಲ್ಲಿ, ವುಡ್‌ಸ್ಟಾಕ್ ಉತ್ಸವದಲ್ಲಿ ನುಡಿಸಬೇಕಿದ್ದ ಹೊತ್ತಿನಲ್ಲೇ ಒಡೆದುಹೋಯಿತು. ರಾಡ್ ಸ್ಟುವರ್ಟ್ ಮುಂದೆ ಜಗತ್ತಿನ ದೊಡ್ಡ ಸ್ಟಾರ್ ಆದ, ರಾನ್ ವುಡ್ ಮುಂದೆ ರೋಲಿಂಗ್ ಸ್ಟೋನ್ಸ್ ಸೇರಿದ. ಬೆಕ್ ಕಾರು ಅಪಘಾತದಲ್ಲಿ ತಲೆಗೆ ಪೆಟ್ಟು ತಿಂದು ಮಲಗಿದ. ಎದ್ದು ಬಂದು ಇನ್ನೊಂದು ತಂಡ ಕಟ್ಟಿದ, ಬಾಬ್ ಟೆಂಚ್ ಹಾಡುಗಾರನಾಗಿ ಬಂದ, ಎರಡು ಆಲ್ಬಮ್ ಆದಮೇಲೆ ಅದೂ ಮುಗೀತು. ಆಮೇಲೆ ಅಮೆರಿಕದ ಟಿಮ್ ಬೋಗರ್ಟ್, ಕಾರ್ಮೈನ್ ಅಪ್ಪೀಸ್ ಜೊತೆ ಮೂವರ ತಂಡ. ಅಲ್ಲಿ ನುಡಿಸೋಕೆ ಮೂವರೂ ಗಟ್ಟಿಗರು, ಹಾಡೋಕೆ ಮಾತ್ರ ಅಂಥ ದೊಡ್ಡ ಗಂಟಲು ಯಾರದ್ದೂ ಇರಲಿಲ್ಲ. 1974ರ ಹೊತ್ತಿಗೆ ಅದೂ ಚದುರಿತು.

ನಡುವೆ ಒಂದು ಹಾಡನ್ನೂ ಕಳಕೊಂಡ. 1972ರಲ್ಲಿ ಸ್ಟೀವಿ ವಂಡರ್ ‘ಟಾಕಿಂಗ್ ಬುಕ್’ ಆಲ್ಬಮ್ ಮಾಡುವಾಗ ಬೆಕ್ ಹೋಗಿ ಗಿಟಾರ್ ನುಡಿಸಿದ. ಬದಲಿಗೆ ನಿನಗೊಂದು ಹಾಡು ಕೊಡ್ತೀನಿ ಅನ್ನೋದು ಸ್ಟೀವಿಯ ಮಾತು. ಹಾಗೆ ಹುಟ್ಟಿದ್ದು ‘ಸೂಪರ್‌ಸ್ಟಿಷನ್’. ಬೆಕ್ ಹೇಳುತ್ತಿದ್ದ ಪ್ರಕಾರ, ಅವನು ಸುಮ್ಮನೆ ಡ್ರಮ್ಸ್ ಮುಂದೆ ಕೂತು ಒಂದು ಬೀಟ್ ಬಾರಿಸುತ್ತಿದ್ದಾಗ, ನಿಲ್ಲಿಸಬೇಡ ಅಂತ ಹೇಳಿ ಸ್ಟೀವಿ ಅದರ ಮೇಲೆ ಹಾಡನ್ನು ಕಟ್ಟಿದ. ಆದರೆ ಸ್ಟೀವಿಯ ಕಂಪನಿ ಮೋಟೌನ್‌ಗೆ ಇದು ಹಿಟ್ ಅನ್ನೋ ವಾಸನೆ ಬಡೀತು. ಬೆಕ್‌ನ ಆವೃತ್ತಿ ಹೊರಗೆ ಬರೋ ಮೊದಲೇ ಸ್ಟೀವಿಯದ್ದೇ ಬಂತು, 1973ರ ಜನವರಿಯಲ್ಲಿ ಅಮೆರಿಕದಲ್ಲಿ ನಂಬರ್ ಒನ್ ಆಯಿತು. ತಿಂಗಳು ಕಳೆದು ಬಂದ ಬೆಕ್‌ನ ರೆಕಾರ್ಡನ್ನು ಜನ ಸ್ಟೀವಿ ವಂಡರ್ ಹಾಡಿನ ಇನ್ನೊಂದು ರೂಪ ಅಂತ ಕೇಳಿದರು.

ಹೀಗೆ ಮೂವತ್ತು ತುಂಬಿದ ಬೆಕ್ 1974ರಲ್ಲಿ ನಿಂತಿದ್ದು ಎಲ್ಲಿ? ಹಾಡುಗಾರ ಇಲ್ಲ, ತಂಡ ಇಲ್ಲ. ಅವನಿಗಿಂತ ಆಚೀಚೆ ಯಾರ್ಡ್‌ಬರ್ಡ್ಸ್‌ನಲ್ಲಿದ್ದ ಕ್ಲಾಪ್ಟನ್ ಮತ್ತು ಪೇಜ್ ಇಬ್ಬರೂ ಮನೆಮಾತಾಗಿದ್ದರು. ನಮ್ಮ ಐಟಿ ಭಾಷೆಯಲ್ಲಿ ಹೇಳೋದಾದರೆ ಬ್ಯಾಚ್‌ಮೇಟ್‌ಗಳೆಲ್ಲ ಡೈರೆಕ್ಟರ್ ಆಗಿದ್ದಾರೆ, ಇವನು ಇನ್ನೂ ಪ್ರಾಜೆಕ್ಟ್ ಹುಡುಕ್ತಾ ಬೆಂಚಿನಲ್ಲಿದ್ದಾನೆ.

ಈ ಹೊತ್ತಿನಲ್ಲೇ ನಮ್ಮ ಕಡೆಯ ಎಳೆ ಬರೋದು. ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಹುಟ್ಟಿದ ಜಾನ್ ಮೆಕ್‌ಲಾಫ್ಲಿನ್ ಅನ್ನೋ ಗಿಟಾರಿಸ್ಟ್ ಜಾಝ್‌ನಲ್ಲಿ ಪಳಗಿ, ಅಮೆರಿಕಕ್ಕೆ ಹೋಗಿ, ಶ್ರೀ ಚಿನ್ಮಯ್ ಅವರ ಶಿಷ್ಯನಾಗಿ, ಗುರು ಕೊಟ್ಟ ಹೆಸರಿನಲ್ಲೇ ಮಹಾವಿಷ್ಣು ಆರ್ಕೆಸ್ಟ್ರಾ ಅಂತ ತಂಡ ಕಟ್ಟಿದ್ದ. ಹಾಡುಗಾರರಿಲ್ಲದ ತಂಡ. ರಾಕ್‌ನ ಗದ್ದಲ, ಜಾಝ್‌ನ ಮನೋಧರ್ಮ, ಜೊತೆಗೆ ಭಾರತೀಯ ತಾಳಗಳ ಲೆಕ್ಕಾಚಾರ. ಈತ ವೆಸ್ಲಿಯನ್ ವಿಶ್ವವಿದ್ಯಾಲಯಕ್ಕೆ ಹೋಗಿ ವಿದ್ವಾನ್ ಎಸ್. ರಾಮನಾಥನ್ ಅವರ ಹತ್ತಿರ ವೀಣೆಯನ್ನೂ ಕಲಿತವನು. ಆ ತಂಡದ ಡ್ರಮ್ಮರ್ ಬಿಲ್ಲಿ ಕೋಬ್ಹಮ್ 1973ರಲ್ಲಿ ‘ಸ್ಪೆಕ್ಟ್ರಮ್’ ಅಂತ ಒಂದು ಆಲ್ಬಮ್ ಮಾಡಿದ. ಇವನ್ನೆಲ್ಲ ಕೇಳಿದ್ದರಿಂದ ತನಗೆ ಹೊಸ ದಾರಿ ಕಾಣಿಸಿತು ಅಂತ ಬೆಕ್ ಮುಂದೆ ಹೇಳಿಕೊಂಡಿದ್ದಾನೆ. ಮೈಕಿನ ಮುಂದೆ ಯಾರನ್ನೂ ನಿಲ್ಲಿಸದೆಯೂ ಸಭೆ ತುಂಬಿಸಬಹುದು ಅಂತ ಅವನಿಗೆ ಕಣ್ಣಾರೆ ಕಂಡಿತ್ತು.

ಮಹಾವಿಷ್ಣು ಆರ್ಕೆಸ್ಟ್ರಾ 1974ರಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಜೊತೆ ಸೇರಿ ‘ಅಪೋಕ್ಯಾಲಿಪ್ಸ್’ ಅನ್ನೋ ಆಲ್ಬಮ್ ಮಾಡಿತು. ಅದರ ನಿರ್ಮಾಪಕರು ಜಾರ್ಜ್ ಮಾರ್ಟಿನ್. ಹೌದು, ಬೀಟಲ್ಸ್‌ನ ಜಾರ್ಜ್ ಮಾರ್ಟಿನ್ ಅವರೇ. ಇಂಥ ಗದ್ದಲದ ಸಂಗೀತವನ್ನು ಇಷ್ಟು ನಯವಾಗಿ ರೆಕಾರ್ಡ್ ಮಾಡಿದವರು ನನ್ನ ಕೆಲಸಕ್ಕೂ ಆಗಬಹುದಲ್ಲ ಅನ್ನಿಸಿ ಬೆಕ್ ಅವರನ್ನು ಹಿಡಿದ. 1974ರ ಅಕ್ಟೋಬರ್‌ನಲ್ಲಿ, ಲಂಡನ್ನಿನ ಆಕ್ಸ್‌ಫರ್ಡ್ ಸರ್ಕಸ್‌ನಲ್ಲಿದ್ದ ಮಾರ್ಟಿನ್ ಅವರ ಏರ್ ಸ್ಟುಡಿಯೋದಲ್ಲಿ ಕೆಲಸ ಶುರುವಾಯ್ತು.

ಜೊತೆಗಿದ್ದವರು ಮೂರೇ ಜನ. ಕೀಬೋರ್ಡಿಗೆ ಮ್ಯಾಕ್ಸ್ ಮಿಡಲ್ಟನ್, ಬೆಕ್‌ನ ಹಳೇ ತಂಡದವನು, ಜಾಝ್ ಬಲ್ಲವನು. ಬಾಸ್‌ಗೆ ಜಮೈಕಾದಲ್ಲಿ ಹುಟ್ಟಿದ, ಚೀನೀ ಮೂಲದ ಫಿಲ್ ಚೆನ್. ಡ್ರಮ್ಸ್‌ಗೆ ಟ್ರಿನಿಡಾಡ್ ಮೂಲದ ರಿಚರ್ಡ್ ಬೇಲಿ, ಇನ್ನೂ ಹದಿಹರೆಯದ ಹುಡುಗ. ರೆಕಾರ್ಡ್ ಕೇಳುವಾಗ ಈ ಮೂವರನ್ನು ಗಮನಿಸಿ. ಸಾಮಾನ್ಯ ರಾಕ್ ಡ್ರಮ್ಮರ್ ಹಾಗೆ ಬೇಲಿ ಕುಟ್ಟೋದಿಲ್ಲ, ಪೆಟ್ಟುಗಳ ನಡುವೆ ಜಾಗ ಬಿಡ್ತಾನೆ. ಆ ಜಾಗದಲ್ಲಿ ಚೆನ್ ಕುಣೀತಾನೆ. ಹಾಡುಗಾರನಿಗೆ ಬೇಕಾದದ್ದೇ ಈ ಜಾಗ, ಉಸಿರು ತಗೊಳ್ಳೋಕೆ. ಇಲ್ಲಿ ಅದು ಗಿಟಾರಿಗೆ ಸಿಕ್ಕಿದೆ.

ನಮ್ಮ ಕಿವಿಗೆ ಖುಷಿ ಕೊಡೋ ಒಂದು ವಿಷಯ ತಾಳದ್ದು. ಬಹುಪಾಲು ರಾಕ್ ಸಂಗೀತ ನಾಲ್ಕರ ಲೆಕ್ಕದಲ್ಲಿ ನಡೆಯುತ್ತೆ. ಇಲ್ಲಿ ಮೊದಲ ಮಗ್ಗುಲಿನ ಕೊನೆಗೆ ಬರುವ ‘ಸ್ಕ್ಯಾಟರ್‌ಬ್ರೇನ್’ ಒಂಬತ್ತರ ಲೆಕ್ಕದಲ್ಲಿ ಓಡುತ್ತೆ, ಎರಡನೇ ಮಗ್ಗುಲಿನ ಕೊನೆಯ ‘ಡೈಮಂಡ್ ಡಸ್ಟ್’ ಐದರಲ್ಲಿ ತೇಲುತ್ತೆ. ನಮ್ಮವರ ಮಾತಲ್ಲಿ ಸಂಕೀರ್ಣ, ಖಂಡ. ತೊಡೆ ಮೇಲೆ ಬೆರಳಿಟ್ಟು ಎಣಿಸಿ ನೋಡಿ, ಮಜಾ ಇರುತ್ತೆ. ಈ ಎರಡಕ್ಕೂ ಮಾರ್ಟಿನ್ ಪಿಟೀಲುಗಳ ವೃಂದವನ್ನು ಸೇರಿಸಿದ್ದಾರೆ. ಗಿಟಾರನ್ನು ಮುಚ್ಚಿಹಾಕೋ ಹಾಗಲ್ಲ, ದೊಡ್ಡ ಹಾಡುಗಾರರ ಹಿಂದೆ ವೃಂದ ಇರುತ್ತಲ್ಲ, ಆ ಹದದಲ್ಲಿ.

ಹಾಡುಗಾರನಿಲ್ಲ ಅಂದೆ. ಆದರೆ ಒಂದು ಕಡೆ ಬಾಯಿ ಇದೆ. ಬೀಟಲ್ಸ್‌ನ ‘ಶೀ ಈಸ್ ಎ ವುಮನ್’ ಹಾಡನ್ನು ಬೆಕ್ ಇಲ್ಲಿ ಎತ್ತಿಕೊಂಡಿದ್ದಾನೆ. 1964ರಲ್ಲಿ ಅದನ್ನು ಮೊದಲು ರೆಕಾರ್ಡ್ ಮಾಡಿಸಿದ್ದವರೂ ಇದೇ ಮಾರ್ಟಿನ್. ಇಲ್ಲಿ ಬೆಕ್ ಟಾಕ್ ಬಾಕ್ಸ್ ಅನ್ನೋ ಸಾಧನ ಬಳಸ್ತಾನೆ. ಗಿಟಾರಿನ ಸದ್ದನ್ನು ಒಂದು ಪ್ಲಾಸ್ಟಿಕ್ ನಳಿಗೆಯಲ್ಲಿ ಬಾಯಿಗೆ ತಗೊಂಡು, ಬಾಯಿ ಆಡಿಸ್ತಾ ಹೋದರೆ ಆ ಸದ್ದು ಅ, ಇ, ಓ ಅಂತ ಸ್ವರದ ಆಕಾರ ತಗೊಳ್ಳುತ್ತೆ. ಮುಂದಿರೋ ಮೈಕ್ ಅದನ್ನು ಹಿಡಿಯುತ್ತೆ. ಬಾಯಿ ಮನುಷ್ಯನದ್ದು, ದನಿ ತಂತಿಯದ್ದು. ಒಳ್ಳೇ ಆಟ. ಆದರೂ ಅದೊಂದು ಆಟಿಕೆ. ನಿಜವಾದ ಹಾಡು ರೆಕಾರ್ಡನ್ನು ತಿರುಗಿಸಿದ ಮೇಲೆ ಬರುತ್ತೆ, ನಳಿಗೆ ಗಿಳಿಗೆ ಏನೂ ಇಲ್ಲದೆ.

ಆ ಹಾಡು ‘ಕಾಸ್ ವಿ ಹ್ಯಾವ್ ಎಂಡೆಡ್ ಆಸ್ ಲವರ್ಸ್’. ಬರೆದವನು ಸ್ಟೀವಿ ವಂಡರ್. ‘ಸೂಪರ್‌ಸ್ಟಿಷನ್’ ಕೈ ತಪ್ಪಿದ ಮೇಲೆ ಬೆಕ್ ಪಾಲಿಗೆ ಬಂದ ಹಾಡು. ಇದರ ಹಿಂದಿನ ಕಥೆ ಕೇಳಿ. ಸ್ಟೀವಿ 1970ರಲ್ಲಿ ಸಿರೀಟಾ ರೈಟ್ ಅನ್ನೋ ಗಾಯಕಿಯನ್ನು ಮದುವೆಯಾಗಿದ್ದ, 1972ರಲ್ಲಿ ಇಬ್ಬರೂ ಬೇರೆಯಾದರು. ಆದರೆ ಕೆಲಸ ನಿಲ್ಲಿಸಲಿಲ್ಲ. 1974ರಲ್ಲಿ ಸ್ಟೀವಿಯೇ ನಿಂತು ಆಕೆಯ ಆಲ್ಬಮ್ ಮಾಡಿಸಿದ. ಅದರಲ್ಲಿದ್ದ ಹಾಡು ಇದು. ಪ್ರೇಮಿಗಳಾಗಿ ನಮ್ಮದು ಮುಗೀತು, ಇನ್ನು ಮುಂದೆ ನಾವು ಏನು ಅನ್ನೋದು ಅದರ ವಿಷಯ. ಬರೆದವನು ಬಿಟ್ಟುಹೋದ ಗಂಡ, ಹಾಡಿದಾಕೆ ಬಿಟ್ಟುಹೋದ ಹೆಂಡತಿ. ಅಂಥ ಹಾಡಿನಿಂದ ಎಲ್ಲಾ ಪದಗಳನ್ನೂ ತೆಗೆದುಬಿಟ್ಟರೆ ಏನು ಉಳಿಯುತ್ತೆ?

ಇಲ್ಲಿ ಊರಿನ ಒಂದು ಉದಾಹರಣೆ ಕೊಡ್ತೀನಿ. ನಮ್ಮೂರಿನ ಮದುವೆಗಳಲ್ಲಿ ವಾಲಗದವರು ಧಾರೆ ಮುಗಿದ ಮೇಲೆ ಊಟದ ಹೊತ್ತಿಗೆ ಸಿನಿಮಾ ಹಾಡು ಬಾರಿಸೋಕೆ ಶುರು ಮಾಡ್ತಾರೆ. ಹಾಡುಗಾರ ಯಾರೂ ಇಲ್ಲ. ಆದರೂ ಪಂಕ್ತಿಯಲ್ಲಿ ಕೂತ ಹೆಂಗಸರು ಪಲ್ಯ ಕಲಸ್ತಾ ಬಾಯೊಳಗೇ ಸಾಹಿತ್ಯ ಗುನುಗ್ತಿರ್ತಾರೆ. ಪದಗಳು ಕೇಳುವವರ ತಲೆಯಲ್ಲಿ ಮೊದಲೇ ಇವೆ, ವಾಲಗದವರು ಅವನ್ನು ಎಬ್ಬಿಸ್ತಾರೆ ಅಷ್ಟೆ. ಕಚೇರಿಯಲ್ಲಿ ವೀಣೆಯ ಮೇಲೆ ಕೃತಿ ನುಡಿಸಿದಾಗಲೂ ಹಾಗೇನೇ, ತಿಳಿದವರ ಮನಸ್ಸಿನಲ್ಲಿ ಸಾಹಿತ್ಯ ಓಡ್ತಿರುತ್ತೆ. ಬೆಕ್‌ಗೆ ಆ ಅನುಕೂಲ ಇರಲಿಲ್ಲ. ಬೀಟಲ್ಸ್ ಹಾಡಿನ ಪದ ಎಲ್ಲರಿಗೂ ಗೊತ್ತು, ಸಿರೀಟಾಳ ಹಾಡು ಅವನ ರಾಕ್ ಕೇಳುಗರಲ್ಲಿ ಎಷ್ಟು ಜನಕ್ಕೆ ಗೊತ್ತಿದ್ದೀತು? ಎಬ್ಬಿಸೋಕೆ ಅವರ ತಲೆಯಲ್ಲಿ ಪದಗಳೇ ಮಲಗಿರಲಿಲ್ಲ. ಇದ್ದದ್ದು ಬರೀ ಶೀರ್ಷಿಕೆ. ಉಳಿದದ್ದನ್ನೆಲ್ಲ ಗಿಟಾರೇ ಹೇಳಬೇಕಿತ್ತು.

ಹೇಗೆ ಹೇಳಿತು ಅನ್ನೋದು ಇಂಜಿನಿಯರ್ ಆಗಿ ನನಗೆ ಬಲು ಇಷ್ಟದ ಭಾಗ. ಯಾವ ತಂತಿವಾದ್ಯವನ್ನೇ ಮೀಟಿ, ಸದ್ದಿನ ಆಕಾರ ಒಂದೇ: ಮೊದಲಿಗೆ ಟಣ್ ಅಂತ ಜೋರಾದ ಪೆಟ್ಟು, ಆಮೇಲೆ ನಿಧಾನವಾಗಿ ಇಳಿತ. ಮನುಷ್ಯರ ಗಂಟಲು ಹಾಗಲ್ಲ. ಆ ಅಂತ ರಾಗ ಎತ್ತುವಾಗ ಸದ್ದು ಮೆಲ್ಲಗೆ ಹುಟ್ಟಿ, ಬೆಳೆದು, ಆಮೇಲೆ ಇಳಿಯುತ್ತೆ. ಬೆಕ್ ಈ ಹಾಡಿನ ಶುರುವಿನಲ್ಲಿ ಏನು ಮಾಡ್ತಾನೆ ಅಂದರೆ, ಗಿಟಾರಿನ ಮೇಲಿರೋ ವಾಲ್ಯೂಮ್ ಗುಬುಟನ್ನು ಸೊನ್ನೆಗೆ ಇಳಿಸಿ ತಂತಿ ಮೀಟ್ತಾನೆ. ಆ ಟಣ್ ಯಾರಿಗೂ ಕೇಳೋದಿಲ್ಲ. ಮರುಕ್ಷಣವೇ ಗುಬುಟನ್ನು ತಿರುಗಿಸ್ತಾನೆ, ಸದ್ದು ಎಲ್ಲಿಂದಲೋ ಎದ್ದು ಬರುತ್ತೆ. ತಂತಿಯದ್ದು ಅನ್ನೋ ಗುರುತನ್ನೇ ಅಳಿಸಿದ ಹಾಗೆ. ಮೇಲಿನಿಂದ ತಂತಿಯನ್ನು ಪಕ್ಕಕ್ಕೆ ಎಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತಾನೆ. ವೀಣೆಯಲ್ಲಿ ತಂತಿ ಎಳೆದು ಗಮಕ ತೆಗೆಯೋರನ್ನು ಹತ್ತಿರದಿಂದ ನೋಡಿದವರಿಗೆ ಈ ಕೆಲಸ ಹೊಸದಾಗಿ ಕಾಣೋದಿಲ್ಲ.

ವಾಲ್ಯೂಮ್ ಗುಬುಟಿನ ಈ ಕಸುಬಿಗೆ ಆಗ ಹೆಸರಾಗಿದ್ದವನು ಅಮೆರಿಕದ ರಾಯ್ ಬುಕಾನನ್. ಹಳೇ ಟೆಲಿಕಾಸ್ಟರ್ ಗಿಟಾರನ್ನು ಅಳಿಸಬಲ್ಲವನು ಅಂತ ಗಿಟಾರಿಸ್ಟುಗಳು ಹೇಳ್ತಿದ್ದ, ದೊಡ್ಡ ಹೆಸರು ಹಣ ಎರಡೂ ಕೈಗೆ ಹತ್ತದ ಮನುಷ್ಯ. ಬೆಕ್ ಈ ಹಾಡನ್ನು ಬುಕಾನನ್‌ಗೇ ಅರ್ಪಿಸಿ, ಸ್ಟೀವಿಗೆ ಥ್ಯಾಂಕ್ಸ್ ಹೇಳಿ ರೆಕಾರ್ಡಿನ ಮೇಲೆ ಅಚ್ಚು ಹಾಕಿಸಿದ. ಮರುವರ್ಷ ಬುಕಾನನ್ ‘ಮೈ ಫ್ರೆಂಡ್ ಜೆಫ್’ ಅಂತ ಒಂದು ತುಣುಕು ನುಡಿಸಿ ಉತ್ತರ ಕೊಟ್ಟ. 1988ರಲ್ಲಿ ಆತ ವರ್ಜೀನಿಯಾದ ಒಂದು ಜೈಲಿನ ಕೋಣೆಯಲ್ಲಿ ತೀರಿಕೊಂಡ. ಈ ಹಾಡು ಕೇಳುವಾಗ ನನಗೆ ಸ್ಟೀವಿ-ಸಿರೀಟಾ ಜೊತೆಗೆ ಅವನೂ ನೆನಪಾಗ್ತಾನೆ.

ಬೆಕ್ ಇದನ್ನು ನುಡಿಸಿದ ಗಿಟಾರೂ ಒಂಥರಾ ಬೆರಕೆಯೇ. ಸೆಮೋರ್ ಡಂಕನ್ ಅನ್ನೋ ಹುಡುಗ ಒಂದು ಫೆಂಡರ್ ಟೆಲಿಕಾಸ್ಟರ್‌ಗೆ ಗಿಬ್ಸನ್ ಕಂಪನಿಯ ಪಿಕಪ್ ಜೋಡಿಸಿ ಮಾಡಿಕೊಟ್ಟದ್ದು. ಅದಕ್ಕೆ ಟೆಲಿ-ಗಿಬ್ ಅಂತಲೇ ಹೆಸರು. ಆ ಹುಡುಗ ಮುಂದೆ ಪಿಕಪ್ ತಯಾರಿಸೋ ದೊಡ್ಡ ಕಂಪನಿಯನ್ನೇ ಕಟ್ಟಿದ.

ಈ ಆಲ್ಬಮ್ ನನಗೆ ಹತ್ತಿರ ಆಗೋಕೆ ಇನ್ನೊಂದು ಕಾರಣ ಇದೆ. ನಾನು ಹಳ್ಳಿಯ ಕನ್ನಡ ಶಾಲೆಯಿಂದ ಇಂಜಿನಿಯರಿಂಗ್‌ಗೆ ಹೋದವನು. ಹಾಸ್ಟೆಲಿನಲ್ಲಿ ರಾಕ್ ಕೇಳೋರ ಒಂದು ಗುಂಪಿತ್ತು. ಇಂಗ್ಲಿಷ್ ಸಾಹಿತ್ಯ ಬಾಯಿಪಾಠ ಇದ್ದವರು ಮಂಚದ ಮೇಲೆ, ನಮ್ಮಂಥವರು ಬಾಗಿಲ ಹತ್ತಿರ. ಅಲ್ಲಿ ಯಾರೂ ಯಾರನ್ನೂ ದೂರ ಕೂರಿಸಿರಲಿಲ್ಲ, ಅದು ತಾನಾಗೇ ಆಗ್ತಿತ್ತು. ಪೆನ್ ಡ್ರೈವಿನಲ್ಲಿ ಬಂದ ‘ಬ್ಲೋ ಬೈ ಬ್ಲೋ’ ಹಾಕಿದ ರಾತ್ರಿ ಯಾರಿಗೂ ಯಾರಿಗಿಂತ ಹೆಚ್ಚು ಅರ್ಥ ಆಗೋಕೆ ಅಲ್ಲಿ ಏನೂ ಇರಲಿಲ್ಲ. ಮಂಚದ ಮೇಲಿನವನು ಕೂಡ ಬಾಯಿ ಆಡಿಸದೆ ಸುಮ್ಮನೆ ಕೂತಿದ್ದ. ಮಾತಿಲ್ಲದ ಸಂಗೀತದಿಂದ ಏನು ಪ್ರಯೋಜನ ಅಂತ ಯಾರಾದರೂ ಕೇಳಿದರೆ ನಾನು ಆ ಕೋಣೆಯ ವಿಷಯ ಹೇಳ್ತೀನಿ.

ರೆಕಾರ್ಡ್ ಹೊರಗೆ ಬಂದ ಮೇಲಿನ ಒಂದು ಪ್ರಸಂಗವನ್ನು ಮಾರ್ಟಿನ್ ಹೇಳಿಕೊಂಡು ನಗುತ್ತಿದ್ದರಂತೆ. ಬೆಕ್‌ಗೆ ತಾನು ನುಡಿಸಿದ್ದು ಎಂದೂ ಸಮಾಧಾನ ಇಲ್ಲ. ಒಂದು ದಿನ ಫೋನ್ ಮಾಡಿ, ಆ ಒಂದು ಸೋಲೋ ಮತ್ತೊಮ್ಮೆ ನುಡಿಸ್ತೀನಿ, ಈ ಸಲ ಸರಿ ಬರುತ್ತೆ ಅಂದ. ಮಾರ್ಟಿನ್, ಆಗಬಹುದಿತ್ತಪ್ಪಾ, ಆದರೆ ರೆಕಾರ್ಡು ಆಗಲೇ ಅಂಗಡಿಗೆ ಹೋಗಿದೆಯಲ್ಲ ಅಂದರಂತೆ. ಪ್ರೊಡಕ್ಷನ್‌ಗೆ ಹೋದ ಕೋಡನ್ನು ಇನ್ನೊಂದು ಸಲ ತಿದ್ದಿಕೊಡ್ತೀನಿ ಅಂತ ರಾತ್ರಿ ಹನ್ನೊಂದಕ್ಕೆ ಮೆಸೇಜ್ ಹಾಕೋ ಗೆಳೆಯರು ನಮ್ಮ ಆಫೀಸಿನಲ್ಲೂ ಇದ್ದಾರೆ. ಒಳ್ಳೇ ಕೋಡ್ ಬರೆಯೋರೂ ಬಹುಮಟ್ಟಿಗೆ ಅವರೇ. ಅವರಿಗೊಬ್ಬ ಜಾರ್ಜ್ ಮಾರ್ಟಿನ್ ಬೇಕು, ಸಾಕು ಬಿಡು ಅಂತ ಹೇಳೋಕೆ.

1975ರಲ್ಲಿ ಬೆಕ್ ಅಮೆರಿಕ ಪ್ರವಾಸ ಹೊರಟ. ಜೊತೆಗೆ ಅದೇ ವೇದಿಕೆಗಳಲ್ಲಿ ನುಡಿಸಿದ್ದು ಮಹಾವಿಷ್ಣು ಆರ್ಕೆಸ್ಟ್ರಾ. ಆಮೇಲೆ ಎರಡು ದಾರಿ ಕವಲೊಡೆದವು. ಅದೇ ವರ್ಷದ ಜುಲೈನಲ್ಲಿ ಮೆಕ್‌ಲಾಫ್ಲಿನ್ ಎಲೆಕ್ಟ್ರಿಕ್ ಗಿಟಾರು ಬಿಟ್ಟು, ಪಿಟೀಲಿನ ಎಲ್. ಶಂಕರ್, ತಬಲಾದ ಜಾಕಿರ್ ಹುಸೇನ್, ಘಟದ ವಿಕ್ಕು ವಿನಾಯಕರಾಂ, ಮೃದಂಗದ ಆರ್. ರಾಘವನ್ ಜೊತೆ ನೆಲದ ಮೇಲೆ ಕೂತು ನ್ಯೂಯಾರ್ಕ್ ರಾಜ್ಯದ ಸೌತಾಂಪ್ಟನ್ ಕಾಲೇಜಿನಲ್ಲಿ ‘ಶಕ್ತಿ’ ತಂಡದ ಮೊದಲ ರೆಕಾರ್ಡಿನ ಕಛೇರಿ ಮಾಡಿದ. ಕರ್ನಾಟಕ ಸಂಗೀತವೂ ಜಾಝೂ ಒಂದೇ ಜಮಖಾನೆ ಮೇಲೆ ಕೂತ ಆ ಕಥೆಯೇ ಬೇರೆ. ಬೆಕ್ ಎಲೆಕ್ಟ್ರಿಕ್ ಗಿಟಾರಿನಲ್ಲೇ ಉಳಿದ. 1976ರಲ್ಲಿ ‘ವೈರ್ಡ್’ ಮಾಡಿದ, ಮಹಾವಿಷ್ಣು ಆರ್ಕೆಸ್ಟ್ರಾದ ಹಳಬ ಯಾನ್ ಹ್ಯಾಮರ್ ಜೊತೆಗೆ ಬಂದ.

ಹಾಡುಗಾರನಿಲ್ಲದ ಗಿಟಾರ್ ಆಲ್ಬಮ್‌ಗಳಿಗೆ ಅಂಗಡಿಯಲ್ಲಿ ಒಂದು ಜಾಗ ಆಗಿಬಿಟ್ಟಿತು. 1987ರಲ್ಲಿ ಜೋ ಸ್ಯಾಟ್ರಿಯಾನಿಯ ‘ಸರ್ಫಿಂಗ್ ವಿತ್ ದ ಏಲಿಯನ್’, 1990ರಲ್ಲಿ ಸ್ಟೀವ್ ವೈನ ‘ಪ್ಯಾಷನ್ ಅಂಡ್ ವಾರ್‌ಫೇರ್’ ಬಂದು ಅದನ್ನು ಇನ್ನಷ್ಟು ಅಗಲ ಮಾಡಿದವು. ಆ ಹೊತ್ತಿಗೆ ವೇಗವೇ ಮುಖ್ಯ ಅಂದುಕೊಂಡ ನೂರಾರು ಗಿಟಾರಿಸ್ಟುಗಳೂ ಹುಟ್ಟಿದ್ದರು. ಅವರಲ್ಲಿ ಎಷ್ಟೋ ಜನ ಸೆಕೆಂಡಿಗೆ ಎಷ್ಟು ಸ್ವರ ಅಂತ ಲೆಕ್ಕ ಹಾಕಿದರು. ಬೆಕ್ ತಿರುಗಿದ್ದು ಇನ್ನೊಂದು ದಿಕ್ಕಿಗೆ. ಎಂಬತ್ತರ ದಶಕದಲ್ಲಿ ಅವನು ಪಿಕ್ ಬಿಟ್ಟು ಬರೀ ಬೆರಳಿನಿಂದಲೇ ಮೀಟೋಕೆ ಶುರು ಮಾಡಿದ. ಹೆಬ್ಬೆರಳು ತಂತಿಗೆ, ಕಿರುಬೆರಳು ವಾಲ್ಯೂಮ್ ಗುಬುಟಿಗೆ, ಅಂಗೈ ತಂತಿಗಳನ್ನು ಸಡಿಲಿಸೋ ಸರಳಿಗೆ. ಒಂದೇ ಕೈಯಲ್ಲಿ ಗಂಟಲಿನ ಅಷ್ಟೂ ಕೆಲಸ.

2001ರಲ್ಲಿ ಆ ಕೈ ಮತ್ತೆ ನಮ್ಮ ಕಡೆ ತಿರುಗಿತು. ಭಾರತೀಯ ಮೂಲದ ಬ್ರಿಟಿಷ್ ಸಂಗೀತಗಾರ ನಿತಿನ್ ಸಾಹ್ನಿ 1999ರಲ್ಲಿ ಮಾಡಿದ್ದ ‘ನದಿಯಾ’ ಅನ್ನೋ ಹಾಡಿದೆ, ಹಾಡಿದವರು ಸ್ವಾತಿ ನಾಟೇಕರ್. ಹಿಂದೂಸ್ತಾನಿ ಗಾಯನದ ಮುರ್ಕಿ, ಮೀಂಡುಗಳಿಂದ ತುಂಬಿದ ಹಾಡು. ಬೆಕ್ ಅದನ್ನು ಗಿಟಾರಿನ ಮೇಲೆ ಇಳಿಸಿದ. ಸ್ವರದಿಂದ ಸ್ವರಕ್ಕೆ ಹೋಗುವಾಗ ಆಕೆಯ ಗಂಟಲು ಎಲ್ಲೆಲ್ಲಿ ಜಾರಿ ಹೋಗಿದೆಯೋ ಇವನ ತಂತಿಯೂ ಅಲ್ಲಲ್ಲೇ ಜಾರುತ್ತೆ. 1965ರಲ್ಲಿ ಸಿತಾರಿನ ಬದಲಿಗೆ ಒರಟು ಗಿಟಾರು ಇಟ್ಟವನು ಮೂವತ್ತಾರು ವರ್ಷ ಆದಮೇಲೆ ಗಾಯಕಿಯೊಬ್ಬರ ಉಸಿರನ್ನೇ ಹಿಡಿಯೋಕೆ ಕೂತಿದ್ದ. ಎರಡನ್ನೂ ಒಂದರ ಹಿಂದೆ ಒಂದು ಕೇಳಿದರೆ ನಡುವೆ ಆದ ಕೆಲಸ ಏನು ಅಂತ ಗೊತ್ತಾಗುತ್ತೆ.

2023ರ ಜನವರಿ 10ರಂದು ಜೆಫ್ ಬೆಕ್ ತೀರಿಕೊಂಡ, ಮೆದುಳಿನ ಪೊರೆಗೆ ತಗುಲಿದ ಬ್ಯಾಕ್ಟೀರಿಯಾ ಸೋಂಕಿನಿಂದ. 78 ವರ್ಷ ಆಗಿತ್ತು. 2025ರ ಜನವರಿಯಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ ಅವನ ಗಿಟಾರುಗಳು ಬಿಕರಿಯಾದವು. ‘ಬ್ಲೋ ಬೈ ಬ್ಲೋ’ ಮುಖಪುಟದ ಚಿತ್ರದಲ್ಲಿ ಅವನ ಕೈಲಿರೋ ಕಡುಗೆಂಪು ಲೆಸ್ ಪಾಲ್ ಗಿಟಾರಿಗೇ ಹತ್ತು ಲಕ್ಷ ಪೌಂಡಿಗಿಂತ ಹೆಚ್ಚು ಬೆಲೆ ಬಂತು. ಕೊಂಡವರಿಗೆ ಒಳ್ಳೇದಾಗಲಿ. ಆ ಗಿಟಾರಿನ ಗುಬುಟು ಈಗಲೂ ತಿರುಗುತ್ತೆ, ಯಾವ ಕ್ಷಣಕ್ಕೆ ತಿರುಗಿಸಬೇಕು ಅನ್ನೋದು ಹರಾಜಿಗೆ ಬರಲಿಲ್ಲ.

ಇದುವರೆಗೆ ಈ ಆಲ್ಬಮ್ ಕೇಳದೇ ಇದ್ದವರಿಗೆ ಒಂದು ಸಲಹೆ. ಮೊದಲ ಟ್ರ್ಯಾಕಿನಿಂದ ಶುರು ಮಾಡಬೇಡಿ. ಮೊದಲು ಸಿರೀಟಾ ಹಾಡಿದ್ದನ್ನು ಹುಡುಕಿ ಒಂದು ಸಲ ಕೇಳಿ, ಪದ ಅರ್ಥ ಆಗದಿದ್ದರೂ ಚಿಂತೆಯಿಲ್ಲ. ಆಮೇಲೆ ಬೆಕ್ ನುಡಿಸಿದ್ದನ್ನು ಹಾಕಿ. ಮೊದಲ ಸ್ವರ ಎಲ್ಲಿಂದ ಶುರುವಾಯ್ತು ಅಂತ ಹಿಡಿಯೋಕೆ ನೋಡಿ. ನನಗೆ ಇನ್ನೂ ಹಿಡಿಯೋಕೆ ಆಗಿಲ್ಲ.